ಓಬವ್ವ ಕಂಡ ಜೈಸಲ್ಮೇರ್

"ಅವ್ವ, ದೀಪಾವಳಿ ಆದ್ಮ್ಯಾಲೆ ಜೈಸಲ್ಮೇರಿಗೆ ಮೂರು ಟಿಕೆಟ್ ಮಾಡಿಸ್ತೀನಿ," ಎಂದು ಮಾಲತೇಶ ಬೈಕಿನಿಂದ ಇಳಿಯುವ ಮುಂಚೆಯೇ ಹೇಳಿದ. "ನಾನು, ಸಹನಾ, ನೀನು. ನೀನಿದ್ರೆ ಗೈಡು ಬ್ಯಾಡ."

ರೊಟ್ಟಿ ತಟ್ಟುತ್ತಿದ್ದ ಓಬವ್ವನ ಕೈ ಹಿಟ್ಟಿನ ಮೇಲೇ ನಿಂತಿತು.

ನಿಟ್ಟುವಳ್ಳಿಯ ಆ ಓಣಿಯಲ್ಲಿ ಓಬವ್ವನಷ್ಟು ದೇಶ ತಿರುಗಿದವರಿಲ್ಲ. ದಾವಣಗೆರೆಯಿಂದ ಹೊರಡುವ ಪ್ರವಾಸದ ಬಸ್ಸುಗಳಲ್ಲಿ ಸಿಲಿಂಡರು, ಪಾತ್ರೆ, ಜೋಳದ ಹಿಟ್ಟಿನ ಜೊತೆಗೆ ಅಡುಗೆಯವಳಾಗಿ ಅವಳೂ ಹೋಗುತ್ತಾಳೆ. ನಮ್ಮ ಕಡೆಯವರಿಗೆ ತಾಜಮಹಲಿನ ಎದುರು ನಿಂತರೂ ಮಧ್ಯಾಹ್ನಕ್ಕೆ ರೊಟ್ಟಿ, ಶೇಂಗಾ ಚಟ್ನಿ ಆಗಲೇಬೇಕು. ಬಸ್ಸು ಹರಿಹರದ ಹೊಳೆ ದಾಟಿತೆಂದರೆ ಅವಳ ಸೌಟಿಗೆ ಬಿಡುವಿಲ್ಲ. ತಿರುಗಿ ಬಂದ ಮೇಲೆ ಅವಳ ಮಾತು ಕೇಳಲು ಕಟ್ಟೆ ತುಂಬುತ್ತದೆ. ಜೈಸಲ್ಮೇರಿನಲ್ಲಿ ಬಂಗಾರದ ಬಣ್ಣದ ಕೋಟೆಯಂತೆ, ಅದರೊಳಗೆ ಇವತ್ತಿಗೂ ಬಾಳುವೆ ಮಾಡುವ ಸಂಸಾರಗಳಂತೆ, ಕಲ್ಲಿನಲ್ಲಿ ಕಸೂತಿ ಹಾಕಿದಂಥ ಸಾಹುಕಾರರ ಹವೇಲಿ ಮನೆಗಳು, ಮರಳ ದಿಬ್ಬದ ಮೇಲೆ ಸಾಲು ಒಂಟೆ. "ನಮ್ಮವ್ವ ನೋಡದ ಊರಿಲ್ಲ" ಎಂದು ಮಾಲತೇಶ ತನ್ನ ಗ್ಯಾರೇಜಿಗೆ ಬಂದವರಿಗೆಲ್ಲ ಹೇಳಿಕೊಳ್ಳುತ್ತಾನೆ. ಆ ಮಾತು ಕಿವಿಗೆ ಬಿದ್ದ ದಿನ ಓಬವ್ವನಿಗೆ ಎರಡು ರೊಟ್ಟಿ ಹೆಚ್ಚು ಸೇರುತ್ತದೆ.

"ನನಗ್ಯಾಕೋ ಅದೆಲ್ಲ. ಮಂಡಿ ನೋವೈತೆ. ನೀವಿಬ್ರೇ ಹೋಗಿ ಬರ್ರಿ."

"ಮೊನ್ನೆ ಕಾಶಿಗೆ ಹೋದಾಗ ಇಲ್ದ ನೋವು ಈಗೆಲ್ಲಿಂದ ಬಂತು?" ಮಾಲತೇಶನ ಮುಖ ಸಪ್ಪಗಾಯಿತು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.

ಮದುವೆಯಾಗಿ ಬಂದು ಇನ್ನೂ ವರ್ಷ ತುಂಬದ ಸೊಸೆ ಸಹನಾ ಒಲೆಯ ಹತ್ತಿರ ಸರಿದಳು. ಅವಳಿಗೆ ಹೋಗುವ ಆಸೆಯೇ ಆಸೆ.

"ಅತ್ತೆ, ಕೋಟೆ ನೋಡಾಕ ಎಷ್ಟೊತ್ತು ಬೇಕು?"

"ಅನ್ನಕ್ಕಿಟ್ಟು ಸಾರು ಇಳಿಸಾದ್ರಾಗ ಬಂದುಬಿಡ್ತಾರೆ."

"ಮರಳ ದಿಬ್ಬ?"

"ಅದು ದೂರ. ಬರಾದ್ರಾಗ ಪಲ್ಯ ಆರಿರ್ತೈತೆ, ಮತ್ತೆ ಬಿಸಿ ಮಾಡ್ಬೇಕು."

ಸಹನಾ ಅತ್ತೆಯ ಮುಖ ನೋಡಿದಳು. "ನೀವು ಒಂಟೆ ಹತ್ತಿದ್ರಾ?"

ಓಬವ್ವ ಹಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿದಳು. ಅಷ್ಟು ಸಲ ಹೋಗಿದ್ದರೂ ಜೈಸಲ್ಮೇರ್ ಎಂದರೆ ಅವಳು ಕಂಡದ್ದು ಒಂದು ಲಾಡ್ಜಿನ ಹಿತ್ತಲು, ಅಲ್ಲೊಂದು ಬೇವಿನ ಮರ, ಎಷ್ಟು ಕುದಿಸಿದರೂ ಬೇಳೆ ಬೇಯದಂಥ ಉಪ್ಪು ನೀರಿನ ನಲ್ಲಿ. ಉಳಿದದ್ದೆಲ್ಲ ಪಂಕ್ತಿಯಲ್ಲಿ ಕೂತವರು ಉಣ್ಣುತ್ತಾ ಆಡಿದ ಮಾತು, ಬಡಿಸುತ್ತಾ ಇವಳು ಕೇಳಿಸಿಕೊಂಡದ್ದು. ಹೋದರೆ ಕೋಟೆಯ ಬಾಗಿಲು ಯಾವ ಕಡೆ ಎಂದು ಮಗನೇ ಕೇಳುತ್ತಾನೆ. ಊರೆಲ್ಲ ಹೇಳಿಕೊಂಡು ಬಂದ ಅವನ ಮುಖ ಆಗ ಹೇಗಾಗಬಹುದು? ಅವಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

"ಅವನಿಗೆ ಹೇಳಬ್ಯಾಡ," ಎಂದಳು.

"ನಾನ್ಯಾಕ ಹೇಳ್ಲಿ," ಎಂದಳು ಸಹನಾ.

ಮಾಲತೇಶ ಬಂದು ತಟ್ಟೆಯ ಮುಂದೆ ಕೂತ. ನೀರು ಮೈಮೇಲೆ ಬಿದ್ದಿದ್ದಕ್ಕೋ ಏನೋ, ಸಮಾಧಾನವಾಗಿದ್ದ.

"ಹೋಗ್ಲಿ ಬಿಡವ್ವ. ನೋಡಿದ್ದೇ ನೋಡಾಕ ನಿನಗೂ ಬ್ಯಾಸರ. ಜೈಸಲ್ಮೇರ್ ಬ್ಯಾಡ. ನೀನು ನೋಡದೇ ಇರ ಊರು ಯಾವುದಾರ ಉಳಿದಿದ್ರೆ ಹೇಳು, ಅಲ್ಲಿಗೇ ಹೋಗಾಣ."

ಓಬವ್ವ ಬಿಸಿ ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿದಳು. ಸಹನಾ ತಲೆ ಎತ್ತಲಿಲ್ಲ.

"ಜೈಸಲ್ಮೇರು," ಎಂದಳು ಓಬವ್ವ.