ಬಿಂದಿಗೆಯಲ್ಲಿ ಬಂದ ಮಿದುಳು

ಸೊರಬದ ಪಾತ್ರೆ ಅಂಗಡಿಯ ಮಹೇಶ್ವರಪ್ಪನವರು ತಮ್ಮ ಮಿದುಳನ್ನು ಹಿತ್ತಾಳೆ ಬಿಂದಿಗೆಯೊಳಗೆ ಇಟ್ಟುಕೊಂಡು ಶಿಕಾರಿಪುರದ ನರ್ಸಿಂಗ್ ಹೋಮಿಗೆ ಬಂದಿದ್ದರು. ಮಿದುಳೆಂದರೆ ಅದರ ಸ್ಕ್ಯಾನ್ ಫಿಲ್ಮುಗಳು. ದಾವಣಗೆರೆಯಲ್ಲಿ ತೆಗೆಸಿದ ನಾಲ್ಕು ದೊಡ್ಡ ಹಾಳೆ. ಬಸ್ಸಿನ ನೂಕಾಟದಲ್ಲಿ ಮುದುರಿಹೋದಾವು ಎಂದು ಸುರುಳಿ ಸುತ್ತಿ ಬಿಂದಿಗೆಗೆ ಇಳಿಬಿಟ್ಟಿದ್ದರು. ಒಳಗೆ ಹೋದ ಸುರುಳಿ ಬಿಚ್ಚಿಕೊಂಡು ಬಿಂದಿಗೆಯ ಹೊಟ್ಟೆ ತುಂಬ ಹರಡಿ ಕೂತಿತ್ತು. ಈಗ ಕಂಠದಿಂದ ಹೊರಗೆ ಬರಲೊಲ್ಲದು.

ರೆಕಾರ್ಡು ನೋಡಿಕೊಳ್ಳುವ ಜಗದಾಂಬ ಬಳೆ ಬಿಚ್ಚಿ ಮೇಜಿನ ಮೇಲಿಟ್ಟು, ಕೈ ತೂರಿಸಿ ಒಂದೊಂದಾಗಿ ಎಳೆದರು. ಹಾಳೆಗಳೇನೋ ಬಂದವು, ಮೂಲೆಗೆ ಅಂಟಿಸಿದ್ದ ನಂಬರಿನ ಚೀಟಿಗಳು ಒಳಗೇ ಉಳಿದವು. ತಿಂಗಳಿಗೊಂದು ಭಾನುವಾರ ಶಿವಮೊಗ್ಗದಿಂದ ಬರುವ ನರದ ಡಾಕ್ಟರು ಬಲು ಕಟ್ಟುನಿಟ್ಟು. ಫಿಲ್ಮುಗಳು ಕೆಳಗಿನಿಂದ ಮೇಲಕ್ಕೆ ಕ್ರಮವಾಗಿರಬೇಕು, ಎಲ್ಲರದೂ ಒಂದೇ ನಮೂನೆಯ ಫೋಲ್ಡರಿನಲ್ಲಿರಬೇಕು, ಮೇಲೆ ಹೆಸರು, ಊರು, ಪೆಟ್ಟು ಬಿದ್ದ ದಿನ, ಸ್ಕ್ಯಾನ್ ದಿನ, ತೊಂದರೆ ಇದೇ ಸಾಲಿನಲ್ಲಿ ಬರೆದಿರಬೇಕು. ಒಂದು ತಪ್ಪಿದರೂ ಮುಂದಿನ ತಿಂಗಳು ಬನ್ನಿ ಎನ್ನುವವರು.

"ತೊಂದರೆ ಏನು ಯಜಮಾನ್ರೇ?"

"ಮರೆವು ನೋಡ್ರಿ. ಅಟ್ಟದಿಂದ ಹಂಡೆ ಇಳಿಸ್ವಾಗ ಏಣಿಯಿಂದ ಬಿದ್ದೆ. ಆವತ್ತಿಂದ ಯಾವ್ದೂ ನೆನಪಿರಲ್ಲ."

"ಯಾವ್ದೂ ಅಲ್ರೀ ಅಮ್ಮಾರೇ, ಒಂದೇ ಒಂದು," ಎಂದರು ಪಕ್ಕದಲ್ಲಿ ನಿಂತಿದ್ದ ಹೆಂಡತಿ ನೀಲಾಂಬಿಕ. "ಮಗಳು ಪಿಯುಸಿ ಪಾಸಾದಾಗ ಬೀದಿಗೆಲ್ಲ ಪೇಡೆ ಹಂಚಿ, ನಮ್ಮ ಗಂಗಾಶ್ರೀನ ಶಿವಮೊಗ್ಗಕ್ಕೆ ಬಿಎಸ್ಸಿಗೆ ಕಳಿಸ್ತೀನಿ ಅಂದಿದ್ರು. ಬಿದ್ದ ಮೇಲೆ ಅದೊಂದು ಮರ್ತೋಗೈತೆ. ಅರ್ಜಿಗೆ ಸಹಿ ಹಾಕ್ರಿ ಅಂದ್ರೆ, ಯಾವ ಅರ್ಜಿ, ಯಾವ ಕಾಲೇಜು ಅಂತಾರೆ."

"ನಾ ಹಂಗಂದಿದ್ನಾ?" ಮಹೇಶ್ವರಪ್ಪ ಸೂರಿನ ಕಡೆ ನೋಡಿದರು. "ತಲೆ ಪೆಟ್ಟು ಅಂದ್ರೆ ಹಂಗೇ ನೋಡ್ರಿ."

ನೀಲಾಂಬಿಕ ಕೈಚೀಲದ ಬಾಯನ್ನು ಬಿಗಿಯಾಗಿ ಹಿಡಿದುಕೊಂಡರು. ಅದರೊಳಗಿಂದ, ಮಡಿಸಿ ಬಿಚ್ಚಿ ಮಡಿಸಿ ಸವೆದ ಕಾಗದವೊಂದರ ಅಂಚು ಕಾಣುತ್ತಿತ್ತು. ಜಗದಾಂಬ ಅದನ್ನು ನೋಡಿಯೂ ನೋಡದವರಂತೆ ಫಿಲ್ಮುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದೊಂದು ಹಾಳೆಯಲ್ಲೂ ಹನ್ನೆರಡು ತಲೆ, ಹಲಸಿನಕಾಯಿಯನ್ನು ಅಡ್ಡಡ್ಡ ಕೊಯ್ದ ಹಾಗೆ. ಮೂರು ವರ್ಷದಿಂದ ಇದೇ ಕೆಲಸ. ಯಾವುದು ಮೊದಲು, ಯಾವುದು ಕಡೆ ಎಂದು ಅವರಿಗೆ ನಂಬರಿಲ್ಲದೆಯೂ ಗೊತ್ತು. ಆದರೂ ನೆತ್ತಿಯ ಹಾಳೆಯನ್ನು ಎತ್ತಿ, "ಇದು ಒಂದನೇದು," ಎಂದರು.

"ಅಲ್ರೀ!" ಮಹೇಶ್ವರಪ್ಪ ತಟ್ಟನೆ ಮುಂದೆ ಬಾಗಿದರು. "ಕಣ್ಣಿನ ಗುಣಿ ಕಾಣ್ತೈತಲ್ಲ, ಅದು ಒಂದನೇದು. ಇದು ನೆತ್ತಿ, ಕಡೇದು. ಅಲ್ಲಿನೋರು ಬಿಡಿಸಿ ಹೇಳಿದ್ರು."

"ಓಹೋ. ಸ್ಕ್ಯಾನ್ ಆಗಿದ್ದು ಮೇ ಇಪ್ಪತ್ತು ಅಂತ ಬರ್ಕೊಳ್ಲಾ?"

"ಇಪ್ಪತ್ತೆರಡು, ಬುಧವಾರ. ಹನ್ನೊಂದೂಕಾಲಿಗೆ ಒಳಗೆ ಕರೆದ್ರು. ನನಗಿಂತ ಮುಂಚೆ ಹರಿಹರದ ಮಾಸ್ತರೊಬ್ರು. ಪಾಪ, ಎಡಗೈ ಎತ್ತಾಕೆ ಬರ್ತಿರ್ಲಿಲ್ಲ. ಅವರ ಅಂಗಿ ಗುಂಡಿ ನಾನೇ ಹಾಕ್ದೆ. ನೀಲಿ ಗೆರೆ ಅಂಗಿ."

"ಬಿದ್ದಿದ್ದು?"

"ಹತ್ತೊಂಬತ್ತು, ಭಾನುವಾರ. ಉಳವಿಯೋರು ಮದುವೆಗೆ ಹಂಡೆ ಕೇಳ್ಕೊಂಡು ಬಂದಿದ್ರು. ಅಟ್ಟದ ಎಡಮೂಲೇದೇ ಆಗ್ಬೇಕು ಅಂತ ಆ ಮದುವೆ ಹುಡುಗೀ ಸೋದರತ್ತೆ..."

ಮಾತು ಅಲ್ಲಿಗೇ ನಿಂತಿತು. ನೀಲಾಂಬಿಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಮಹೇಶ್ವರಪ್ಪನವರ ಕಿವಿ ನಿಧಾನವಾಗಿ ಕೆಂಪಾಯಿತು. ಹೊರಗೆ ಬೆಂಚಿನ ಮೇಲೆ ಸೊರಬದ ಕಡೆಯವರೇ ನಾಲ್ಕು ಜನ ಕೂತಿದ್ದರು; ಒಳಗೆ ಯಾರಾದರೂ ನಕ್ಕರೆ ಕಥೆ ತಮಗಿಂತ ಮೊದಲೇ ಊರು ಸೇರುತ್ತದೆ ಎಂಬ ದಿಗಿಲು ಮಹೇಶ್ವರಪ್ಪನವರ ಮುಖದಲ್ಲಿತ್ತು.

ಜಗದಾಂಬ ನಗಲಿಲ್ಲ. ಎದ್ದು ಹೋಗಿ ಬಾಗಿಲನ್ನು ಮುಂದಕ್ಕೆಳೆದು ಬಂದರು. "ಅಕ್ಕಾ, ಆ ಕಾಗದಾನೂ ಕೊಡಿ," ಎಂದು ಕೈಚೀಲದ ಕಡೆ ಕೈ ಚಾಚಿದರು. ಹೆಸರು, ದಿನ ಬರೆದ ಫೋಲ್ಡರಿನ ಚೀಟಿ ಮೇಲೆ, ಕಾಲೇಜಿನ ಅರ್ಜಿ ಕೆಳಗೆ. ಸಹಿಯ ಜಾಗವಷ್ಟೇ ಕಾಣುವಂತೆ ಜರುಗಿಸಿಟ್ಟು ಪೆನ್ನು ಕೊಟ್ಟರು.

"ಎರಡೂ ಕಡೆ ಹಾಕ್ಬಿಡಿ ಯಜಮಾನ್ರೇ. ಇಲ್ಲಿನ ನಮೂನೆನೇ ಹಂಗೆ."

ಮಹೇಶ್ವರಪ್ಪ ಮೇಲಿನ ಸಹಿ ಹಾಕಿದರು. ಕೆಳಗಿನದಕ್ಕೆ ಬಂದಾಗ ಪೆನ್ನು ನಿಂತಿತು. ಚೀಟಿಯನ್ನು ಒಂದೇ ಬೆರಳಿನಿಂದ ಪಕ್ಕಕ್ಕೆ ಸರಿಸಿ, ಅರ್ಜಿಯಲ್ಲಿದ್ದ ಮಗಳ ದುಂಡು ಅಕ್ಷರಗಳನ್ನು ಮೊದಲಿನಿಂದ ಕಡೆಯವರೆಗೆ ಓದತೊಡಗಿದರು. ಹೆಂಗಸರಿಬ್ಬರೂ ಗೋಡೆಯ ಗಡಿಯಾರವನ್ನೇ ನೋಡುತ್ತ ನಿಂತರು.

"ಇವಳು ಹೋದ್ರೆ, ಬೆಳಿಗ್ಗೆ ಪೇಪರಿನ ಮೊದಲ್ನೇ ಹಾಳೆಗೆ ನಾನು ಯಾರ ಕೂಡ ಕಿತ್ತಾಡ್ಲಿ?" ಎಂದರು ಮಹೇಶ್ವರಪ್ಪ. ಯಾರನ್ನೂ ಕೇಳಿದ್ದಲ್ಲ. ಅವರೇ ಸಹಿ ಹಾಕಿ, ಕೆಳಗೆ ೯-೬-೯೬ ಎಂದು ಬರೆದು, ಶಾಯಿ ಆರಲೆಂದು ಮೆಲ್ಲಗೆ ಊದಿದರು.

ಒಳಗಿನಿಂದ ಡಾಕ್ಟರ ಗಂಟೆ ಕೇಳಿಸಿತು. ಜಗದಾಂಬ ಫೋಲ್ಡರನ್ನು ಅವರ ಕೈಗೆ ಕೊಟ್ಟರು. ಮಹೇಶ್ವರಪ್ಪ ಎರಡು ಹೆಜ್ಜೆ ನಡೆದು, ಹೆಂಡತಿಯ ಕಡೆ ತಿರುಗಿದರು.

"ಹಾಸ್ಟೆಲ್ ಬೇಕು ಅನ್ನೋ ಕಡೆ ಗುರುತೇ ಹಾಕಿಲ್ಲ ಅವ್ಳು, ಹಾಕ್ಸು. ನಾಳೆನೇ ಕಡೇ ದಿನ, ಮೂರು ಗಂಟೆಗೆ ಅರ್ಜಿ ತಗೊಳ್ಳೋ ಕಿಟಕಿ ಮುಚ್ತಾರೆ."