ಇಪ್ಪತ್ತೆರಡು ಮೆಟ್ಟಿಲು

"ಮನೆಗೆ ಎಷ್ಟು ಮೆಟ್ಟಿಲು ಹತ್ಬೇಕು?" ಎಂದು ನರ್ಸ್ ಕೇಳಿದಾಗ ಮಗನ ಬಾಯಿಂದ ಸಲೀಸಾಗಿ "ಇಪ್ಪತ್ತು" ಎಂದು ಬಂದುಬಿಟ್ಟಿತು. ಅವನ ಮನೆಯಿದ್ದದ್ದು ನೆಲಮಹಡಿಯಲ್ಲಿ. ಬಾಗಿಲ ಮುಂದೆ ಇದ್ದದ್ದು ಒಂದೇ ಮೆಟ್ಟಿಲು.

ಸೊಂಟದ ಮೂಳೆಗೆ ಆಪರೇಷನ್ ಆಗಿದ್ದ ಅಮ್ಮ ದಿಂಬಿಗೊರಗಿ ಕೂತು, ಹೊಸ ವಾಕರ್‌ನ ಹಿಡಿಯನ್ನು ಹೊದಿಕೆಯ ತುದಿಯಿಂದ ಒರೆಸುತ್ತಿದ್ದಳು. ನಾಳೆ ಡಿಸ್ಚಾರ್ಜ್. ಅವಳನ್ನು ಎಬ್ಬಿಸಬೇಕು, ಸ್ನಾನ ಮಾಡಿಸಬೇಕು, ಬಟ್ಟೆ ಬದಲಾಯಿಸಬೇಕು ಎಂದು ನೆನೆದೇ, ಊರೆಲ್ಲ ಬಸ್ಸು ಓಡಿಸುವ ಆ ಗಟ್ಟಿಗ ಹೆದರಿಬಿಟ್ಟಿದ್ದ. ಮೆಟ್ಟಿಲು ಜಾಸ್ತಿಯಿದ್ದರೆ ಒಂದು ತಿಂಗಳು ಆರೈಕೆ ಕೇಂದ್ರಕ್ಕೆ ಕಳಿಸುತ್ತಾರೆ ಎಂದು ಪಕ್ಕದ ಮಂಚದವರು ಮಾತಾಡಿಕೊಂಡದ್ದು ಅವನ ಕಿವಿಗೆ ಬಿದ್ದಿತ್ತು.

"ಹೌದಾ ಅಜ್ಜಿ, ಅಷ್ಟೊಂದು ಮೆಟ್ಟಿಲಾ?" ನರ್ಸ್ ಅಮ್ಮನ ಕಡೆ ತಿರುಗಿದಳು. ಒರೆಸುತ್ತಿದ್ದ ಕೈ ನಿಂತಿತು. ಅಮ್ಮ ಮಗನ ಮುಖವನ್ನೇ ಒಂದು ಗಳಿಗೆ ನೋಡಿದಳು, ಜ್ವರ ಬಂದಿದೆಯೇನೋ ಎಂದು ನೋಡುವ ಹಾಗೆ. ಆಮೇಲೆ ಮೆಲ್ಲಗೆ ನಕ್ಕು, "ಇಪ್ಪತ್ತೆರಡು ಕಣಮ್ಮ. ಇವ್ನು ಚಿಕ್ಕಂದಿನಿಂದ್ಲೂ ಲೆಕ್ಕದಲ್ಲಿ ಸ್ವಲ್ಪ ಹಿಂದೆ" ಎಂದಳು.

ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಮಗನಿಗೆ. "ಹಾಗಾದ್ರೆ ಇಪ್ಪತ್ತೆರಡು ಅಂತ ಬರ್ಕೊಳ್ತೀನಿ ಸರ್" ಎಂದು ನರ್ಸ್ ಪೆನ್ನು ಕಾಗದಕ್ಕೆ ತಾಗಿಸಿದಳು.

"ಬೇಡ ಸಿಸ್ಟರ್" ಎಂದ ಅವನು. "ಇರೋದು ಒಂದೇ ಮೆಟ್ಟಿಲು. ನಾನೇ ಸುಳ್ಳು ಹೇಳ್ದೆ." ಹೇಳಿದನೇ ಹೊರತು, ತಲೆಯೆತ್ತಿ ಅಮ್ಮನ ಕಡೆ ನೋಡಲು ಅವನಿಂದಾಗಲಿಲ್ಲ.