ಹತ್ತು ಕಳೆದರೆ

ಕೊನೆಯ ಜಿಗಿತ ಮುಗಿದಿತ್ತು. ಮರಳನ್ನು ಸಮ ಮಾಡಲು ಮಾಲಿ ಕೋಲು ಎತ್ತುವಷ್ಟರಲ್ಲಿ ಮಿಡತೆ ಓಡಿಬಂದು ಅದರ ಹಿಡಿಯನ್ನೇ ಹಿಡಿದುಕೊಂಡಳು. ಒಂದೈದು ನಿಮಿಷ ಈ ಗುರುತು ಮುಟ್ಟಬೇಡಿ ಅಣ್ಣ ಎಂದಳು. ಗೆದ್ದ ಹುಡುಗಿಗೆ ಮರಳಿನ ಮೇಲೆ ಇದೆಂಥ ಮೋಹವೋ ಎಂದುಕೊಂಡು ಮಾಲಿ ಕೋಲನ್ನು ಅವಳ ಕೈಗೇ ಕೊಟ್ಟು ನೀರು ಕುಡಿಯಲು ಹೋದ.

ಮಿಡತೆ ಎಂಬುದು ಮೈದಾನದವರು ಇಟ್ಟ ಹೆಸರು. ಉದ್ದ ಜಿಗಿತದಲ್ಲಿ ಇವತ್ತು ಅವಳದು ನಾಲ್ಕು ಮೀಟರ್ ಎಂಬತ್ತಾರು. ಕೊನೆಯದಾಗಿ ಜಿಗಿದ ಬೇಕರಿಯವರ ಮಗಳದು, ಬಡಗಿ ತಾತ ಈಗಷ್ಟೇ ಅಳೆದು ಕೂಗಿದ ಪ್ರಕಾರ, ನಾಲ್ಕು ಎಂಬತ್ತು. ಮುಂದಿನ ದೊಡ್ಡ ಕೂಟಕ್ಕೆ ಹೋಗುವುದು ಮೊದಲು ಬಂದ ಒಬ್ಬಳು ಮಾತ್ರ. ಮಿಡತೆ ನಾಲ್ಕು ವರ್ಷ ಬೆಳಗ್ಗೆ ಎದ್ದು ಜಿಗಿದದ್ದು ಅದೊಂದು ಜಾಗಕ್ಕಾಗಿ. ಅವಳ ಕೋಚ್ ಆಗಲೇ ಬೇಲಿಯ ಪಕ್ಕ ನಿಂತು, ನಮ್ಮ ಹುಡುಗಿ ಹೊಡೆದುಬಿಟ್ಟಳು ಎಂದು ಫೋನಿನಲ್ಲಿ ಬೀಗುತ್ತಿದ್ದ.

ಬಡಗಿ ತಾತ ವರ್ಷವೆಲ್ಲ ಶಾಲೆಯ ಮುರಿದ ಬೆಂಚುಗಳಿಗೆ ಕಾಲು ಕೊಡುವವನು. ಕ್ರೀಡಾಕೂಟದ ದಿನ ಮಾತ್ರ ಅಳತೆಗಾರ. ಮೂವತ್ತು ವರ್ಷದಲ್ಲಿ ತನ್ನ ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ ಎಂದು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಅವನ ಉಕ್ಕಿನ ಟೇಪಿನ ಮೊದಲ ಹತ್ತು ಸೆಂಟಿಮೀಟರ್ ಯಾವ ಕಾಲದಲ್ಲೋ ಮುರಿದುಹೋಗಿತ್ತು. ಮಾಲಿ ಮುರಿದ ತುದಿಯನ್ನು ಮರಳಿನ ಗುರುತಿಗೆ ಹಿಡಿಯುವುದು, ತಾತ ಜಿಗಿಯುವ ಹಲಗೆಯ ಬಳಿ ಓದಿ, "ಹತ್ತು ಕಳೆದರೆ ಇಷ್ಟು" ಎಂದು ಕೂಗುವುದು. ಹೊಸ ಟೇಪು ಕ್ರೀಡಾಧಿಕಾರಿಯ ಬೀರುವಿನಲ್ಲೇ ಇತ್ತು; ಕೈಗೆ ಒಗ್ಗಿದ್ದನ್ನು ಬಿಡಲು ತಾತ ಸುತರಾಂ ಒಪ್ಪಿರಲಿಲ್ಲ. ಇವತ್ತು ಬೇಕರಿಯವರ ಮಗಳು ಜಿಗಿಯುವ ಮೊದಲು ಹಳೆಯದು ನಡುವೆಯೇ ತುಂಡಾಯಿತು. ಬೀರುವಿನಿಂದ ಹೊಸದು ತಂದುಕೊಟ್ಟ ಅಧಿಕಾರಿ, ಇನ್ನು ಅಳತೆಯ ಬಗ್ಗೆ ಒಂದು ದೂರು ಬಂದರೂ ಮುಂದಿನ ವರ್ಷದಿಂದ ಬೇರೆಯವರನ್ನು ಕರೆಸುತ್ತೇನೆ ಎಂದು ಎಲ್ಲರೆದುರೇ ಹೇಳಿ ಹೋಗಿದ್ದ.

ಮಿಡತೆ ಬಂದು ತಾತನ ಪಕ್ಕದಲ್ಲಿ ಕುಳಿತು, ಶೂ ಲೇಸು ಕಟ್ಟುವವಳಂತೆ ಬಗ್ಗಿದಳು.

"ತಾತ, ಹೊಸ ಟೇಪಿನ ತುದಿ ಮುರಿದಿಲ್ಲ ಅಲ್ವಾ?"

"ಮುರಿಯೋಕೆ ಅದಿನ್ನೂ ಹಸುಗೂಸು ಕಣಮ್ಮ" ಎಂದು ತಾತ ನಕ್ಕ.

"ನೀವು ನಾಲ್ಕು ತೊಂಬತ್ತು ಅಂತ ಓದಿದ್ರಿ. ಆಮೇಲೆ ಹತ್ತು ಕಳೆದ್ರಿ. ನಾನು ಇಲ್ಲೇ ನಿಂತಿದ್ದೆ."

ತಾತ ಕೈಯಲ್ಲಿದ್ದ ಟೇಪನ್ನು ನೋಡಿದ, ಅದರ ತುದಿಯ ಸೊನ್ನೆಯನ್ನು ನೋಡಿದ. ಮಿಡತೆ ತಲೆ ಎತ್ತಲಿಲ್ಲ. ಗುರುತು ಹಾಗೇ ಇದೆ, ಮರಳು ಎಳೆಯಲು ಬಿಟ್ಟಿಲ್ಲ, ನೀವೇ ಹೋಗಿ ಇನ್ನೊಮ್ಮೆ ಅಳೆಯಬೇಕು ಅಂತ ಹೇಳಿ ಎಂದು ಪಿಸುಗುಟ್ಟಿದಳು. ನಾನು ಹೇಳಿದೆ ಅನ್ನಬೇಡಿ, ನಿಮಗೇ ನೆನಪಾಯಿತು ಅನ್ನಿ, ಆಗ ಅದು ದೂರು ಆಗುವುದಿಲ್ಲ ಎಂದೂ ಸೇರಿಸಿದಳು.

"ನಿನಗೆ ಆ ಜಾಗ ಬೇಡ್ವೇನಮ್ಮ?"

"ಬೇಕು ತಾತ. ತುಂಬಾ ಬೇಕು." ಲೇಸನ್ನು ಎಳೆದ ರಭಸಕ್ಕೆ ಅದು ಗಂಟುಗಂಟಾಯಿತು.

ದೂರ ಹಾರುವವರನ್ನು ತಾತ ಬೇಕಾದಷ್ಟು ಕಂಡಿದ್ದ. ಹೋದ ವರ್ಷ ಗೆದ್ದವನು, ಅಳತೆ ಎರಡು ಸೆಂಟಿಮೀಟರ್ ಕಡಿಮೆಯಾಯಿತೆಂದು ಇವನ ಮುಖಕ್ಕೇ ಮರಳು ಒದ್ದಿದ್ದ. ಆಟ ಆಡುವ ವಯಸ್ಸಿನಲ್ಲಿ ಎದುರಾಳಿಯ ಪಾಲನ್ನೂ ನೋಡಿ, ಅಳೆಯುವ ಮುದುಕನ ಮರ್ಯಾದೆಯನ್ನೂ ನೋಡುವವರು ಇದ್ದಾರೆ ಎಂದು ಅವನಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. "ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ" ಎಂದು ಟೇಪು ಹಿಡಿದು ಅಧಿಕಾರಿಯ ಬಳಿ ನಡೆದ.

ಮರುಅಳತೆಯಲ್ಲಿ ನಾಲ್ಕು ತೊಂಬತ್ತೇ ಬಂತು. ಎಗರಾಡುತ್ತಾನೆ ಎಂದು ತಾತ ಅಂದುಕೊಂಡಿದ್ದ ಅಧಿಕಾರಿ ಅವನ ಬೆನ್ನು ತಟ್ಟಿ, ತಪ್ಪನ್ನು ತಾನೇ ಒಪ್ಪಿಕೊಳ್ಳುವವರು ಈಗ ಎಲ್ಲಿ ಸಿಗುತ್ತಾರೆ, ಮುಂದಿನ ವರ್ಷವೂ ನೀವೇ ಬರಬೇಕು ಎಂದ. ಅದು ನಾನಲ್ಲ ಎನ್ನಲು ತಾತ ಬಾಯಿ ತೆರೆದ. ಆಚೆ ಮಾಲಿಯ ಕೋಲು ಹಿಡಿದು ತಾನೇ ಮರಳು ಎಳೆಯುತ್ತಿದ್ದ ಮಿಡತೆ ಬೇಡ ಎಂದು ತಲೆಯಾಡಿಸಿದಳು. ಅಷ್ಟರಲ್ಲಿ ಅವಳ ಕೋಚ್ ಕೆಂಡಾಮಂಡಲವಾಗಿ ಬಂದ. ಬರೆದಾದ ಅಂಕಿಯನ್ನು ಕೆದಕಲು ಹೇಳಿದ್ದು ಯಾರು, ಕೈಗೆ ಬಂದದ್ದನ್ನು ಹಾಳು ಮಾಡಿದಿರಲ್ಲ ಎಂದು ಬಾಯಿಗೆ ಬಂದಂತೆ ಅಂದ. ಅವಳಿಗೆ ಬೀಳಬೇಕಾದ ಬೈಗುಳವದು. ತನಗೆ ಬಿತ್ತಲ್ಲ ಎಂದು ತಾತ ಕೈಕಟ್ಟಿ ನಿಂತು ಖುಷಿಯಿಂದಲೇ ಕೇಳಿಸಿಕೊಂಡ.

ಬಹುಮಾನದ ಹೊತ್ತಿಗೆ ಬೇಕರಿಯವರ ಮಗಳು ಮೇಲಿನ ಮೆಟ್ಟಿಲು ಹತ್ತಿ, ನಂಬಲಾಗದೆ ಸುತ್ತ ನೋಡುತ್ತಿದ್ದಳು. ಎರಡನೆಯದರ ಮೇಲೆ ನಿಂತ ಮಿಡತೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ಕಣ್ಣು ಒದ್ದೆಯಾಗಿತ್ತು, ಲೇಸಿನ ಗಂಟು ಹಾಗೇ ಇತ್ತು. ಆ ಮೆಟ್ಟಿಲುಗಳನ್ನು ಮಾಡಿದವನೂ ಬಡಗಿ ತಾತನೇ; ಎರಡನೆಯದು ಮೊದಲನೆಯದಕ್ಕಿಂತ ಒಂದು ಗೇಣು ತಗ್ಗಿರಲಿ ಎಂದು ಅಳೆದು ಮೊಳೆ ಹೊಡೆದಿದ್ದ. ಮೂವತ್ತು ವರ್ಷದಲ್ಲಿ ತನ್ನ ಅಳತೆ ಎರಡು ಸಲ ತಪ್ಪಿದೆ ಎಂದು ಅವನಿಗೆ ಈಗ ಗೊತ್ತಾಯಿತು.